ಒಬ್ಬರಾದ ಮೇಲೊಬ್ಬರು ಬಳಸುವ ಟ್ಯಾಬ್: ಆಸ್ಪತ್ರೆ ವಾರ್ಡಿಗೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

ದಾನಿಗಳು ಯಾರೋ ಹತ್ತು ಟ್ಯಾಬ್ ಕೊಡುತ್ತಾರೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಂದು ಜಿಮೇಲ್ ಖಾತೆ ತೆರೆದು ಹತ್ತಕ್ಕೂ ಅದನ್ನೇ ಹಾಕುತ್ತಾನೆ. ಮೊದಲ ವಾರ ವಾರ್ಡಿನಲ್ಲಿ ಎಲ್ಲರಿಗೂ ಖುಷಿ. ಮೂರು ತಿಂಗಳು ಕಳೆಯುವಷ್ಟರಲ್ಲಿ ಎರಡು ಕಾಣೆ, ಮೂರಕ್ಕೆ ಚಾರ್ಜರ್ ಇಲ್ಲ, ಉಳಿದ ಐದು ಇನ್‌ಚಾರ್ಜ್ ಸಿಸ್ಟರ್ ಬೀರುವಿನೊಳಗೆ. ಬೇರೆ ಬೇರೆ ಊರುಗಳಿಂದ ಈ ಕಥೆಯನ್ನೇ ಮತ್ತೆ ಮತ್ತೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಒಂದು ವಾರ್ಡಿನಲ್ಲಿ ವಯಸ್ಸಾದ ಅಮ್ಮನೊಬ್ಬರಿಗೆ ಟ್ಯಾಬ್ ಕೊಟ್ಟು ಹಾಡು ಹಚ್ಚಿಕೊಡುತ್ತಿದ್ದೆ. ತೆರೆಯ ಮೇಲೆ ಒಂದು ಮೆಸೇಜ್ ಬಂತು. ಹಿಂದಿನ ದಿನ ಡಿಸ್ಚಾರ್ಜ್ ಆದವರೊಬ್ಬರ ಹೆಂಡತಿಗೆ ಮಗಳು ಕಳಿಸಿದ್ದು. ಬಯಾಪ್ಸಿ ರಿಪೋರ್ಟ್ ಬಂದಿದೆ, ಅಪ್ಪನಿಗೆ ಈಗಲೇ ಹೇಳಬೇಡ ಅಂತ ಇತ್ತು. ಅವರು ಲಾಗ್‌ಔಟ್ ಆಗದೆ ಮನೆಗೆ ಹೋಗಿದ್ದರು. ತಪ್ಪು ಅವರದ್ದಲ್ಲ. ಡಿಸ್ಚಾರ್ಜ್ ದಿನ ಬಿಲ್ಲು, ಔಷಧಿ, ಆಟೋ ಅಂತ ಓಡಾಡುವವರಿಗೆ ಲಾಗ್‌ಔಟ್ ನೆನಪಿರುತ್ತದಾ? ಟ್ಯಾಬ್ ತಾನಾಗಿಯೇ ಮರೆಯುವಂತೆ ನಾನು ಮಾಡಿರಲಿಲ್ಲ.

ಹಂಚಿಕೊಂಡು ಬಳಸುವ ಟ್ಯಾಬಿನ ಮೊದಲ ಗುಣ ಮರೆವು. ಒಬ್ಬರು ವಾಪಸ್ ಕೊಟ್ಟ ಕ್ಷಣದಿಂದ ಅದಕ್ಕೆ ಅವರ ಬಗ್ಗೆ ಏನೂ ಗೊತ್ತಿರಬಾರದು. ಕೆಳಗಿನ ಹಂತಗಳ ಕ್ರಮ ಇದರ ಮೇಲೆಯೇ ನಿಂತಿದೆ, ಹಾಗಾಗಿ ಹಿಂದೆ ಮುಂದೆ ಮಾಡಬೇಡಿ. ಉದಾಹರಣೆಗೆ 10 ಹಾಸಿಗೆಯ ಡಯಾಲಿಸಿಸ್ ಘಟಕ, 6 ಆ್ಯಂಡ್ರಾಯ್ಡ್ ಟ್ಯಾಬ್ ಇಟ್ಟುಕೊಳ್ಳೋಣ. ಡಯಾಲಿಸಿಸ್‌ಗೆ ಬರುವವರು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ಒಂದೇ ಕಡೆ ಮಲಗಿರಬೇಕು. ಟ್ಯಾಬ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಅದು.

ಕೈಯಲ್ಲಿ ಇರಬೇಕಾದ ಸಾಮಾನು

- ಟ್ಯಾಬ್‌ಗಳು, ಪ್ರತಿಯೊಂದಕ್ಕೂ ಮಡಿಕೆ ಇಲ್ಲದ ನುಣುಪಾದ ಸಿಲಿಕಾನ್ ಕವರ್
- ಹಾಸಿಗೆಗೆ ಅಥವಾ ಊಟದ ಟ್ರಾಲಿಗೆ ಬಿಗಿಯುವ ಸ್ಟ್ಯಾಂಡ್
- ದೂರದಿಂದ ಟ್ಯಾಬ್ ನಿಯಂತ್ರಿಸುವ ಸಾಫ್ಟ್‌ವೇರ್, ಅಂದರೆ ಎಂಡಿಎಂ
- 70% ಐಸೊಪ್ರೊಪೈಲ್ ಆಲ್ಕೊಹಾಲ್ ಒರೆಸು ಬಟ್ಟೆ, ಕೈಗವಸು
- ಕೆಂಪು ಟ್ರೇ ಒಂದು, ಹಸಿರು ಟ್ರೇ ಒಂದು
- ತಂತಿಯ ಇಯರ್‌ಫೋನ್
- ಒಂದು ರಿಜಿಸ್ಟರ್, ಒಂದು ಪೆನ್ನು. ಪೆನ್ನನ್ನು ದಾರ ಕಟ್ಟಿ ಇಡಿ

ಹಂತ 1: ಟ್ಯಾಬ್ ಮುಟ್ಟುವ ಮೊದಲು ಹೆಸರು ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಟ್ಯಾಬ್ ಯಾವುದಕ್ಕೆ? ಪ್ರತಿ ಶಿಫ್ಟಿನಲ್ಲಿ ಯಾರ ಕೈಯಲ್ಲಿ? ಕೆಟ್ಟರೆ ಯಾರಿಗೆ ಫೋನ್?

ಮೊದಲ ಪ್ರಶ್ನೆಗೆ "ಎಲ್ಲದಕ್ಕೂ" ಅನ್ನುವ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ. ಡಯಾಲಿಸಿಸ್ ಘಟಕಕ್ಕೆ ಮೂರು ಕೆಲಸ ಸಾಕು: ವಿಡಿಯೊ ನೋಡುವುದು, ರೇಡಿಯೊ ಕೇಳುವುದು, ಮನೆಯವರ ಜೊತೆ ವಿಡಿಯೊ ಕರೆ. ಲ್ಯಾಬ್ ರಿಪೋರ್ಟ್ ನೋಡುವುದು, ಬಿಲ್ ಕಟ್ಟುವುದು, ಯುಪಿಐ, ಬ್ಯಾಂಕು, ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ) ಖಾತೆ ಯಾವುದೂ ಇದರಲ್ಲಿ ಬೇಡ. ಒಟಿಪಿ ಬೇಕಾಗುವ ಕೆಲಸ ಹಂಚಿಕೆಯ ಟ್ಯಾಬಿನದ್ದಲ್ಲ, ಅವರವರ ಫೋನಿನದ್ದು.

ಎರಡನೆಯದಕ್ಕೆ "ಸ್ಟಾಫ್" ಅಂತ ಬರೆಯಬೇಡಿ. ಮಾರ್ನಿಂಗ್, ಈವ್ನಿಂಗ್, ನೈಟ್, ಮೂರು ಶಿಫ್ಟಿಗೂ ಒಬ್ಬೊಬ್ಬರ ಹೆಸರು ಬೇಕು. ಸಿಸ್ಟರ್‌ಗಳ ತಲೆಗೇ ಇದನ್ನೂ ಕಟ್ಟಬೇಡಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಮೆಷಿನ್ ಅಲಾರಂ, ಬಿಪಿ, ಸೂಜಿ ನೋಡುವವರಿಗೆ ಟ್ಯಾಬ್ ಒರೆಸುವ ಕೆಲಸವನ್ನೂ ಕೊಟ್ಟರೆ ಅದು ಆಗುವುದಿಲ್ಲ, ಆಗಲೂಬಾರದು. ವಾರ್ಡ್ ಸಹಾಯಕರು ಅಥವಾ ರಿಸೆಪ್ಶನ್‌ನವರಿಗೆ ಅರ್ಧ ಗಂಟೆ ಕೂರಿಸಿ ಕಲಿಸಿದರೆ ಚೆನ್ನಾಗಿ ಮಾಡುತ್ತಾರೆ.

ಹಂತ 2: ಬಂದ ಟ್ಯಾಬ್‌ಗಳ ತಪಾಸಣೆ

ಹೊಸದಾಗಿ ಕೊಳ್ಳುವುದಾದರೆ ಎಲ್ಲವೂ ಒಂದೇ ಮಾದರಿ ಇರಲಿ. ನಾಲ್ಕು ಬಗೆಯ ಚಾರ್ಜರ್ ಇದ್ದರೆ ನಾಲ್ಕೂ ಕಳೆದುಹೋಗುತ್ತವೆ. ತಯಾರಕರು ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿ, ಆಮೇಲೆ ಬೆಲೆ ಮಾತಾಡಿ. ವೈಫೈ ಮಾತ್ರ ಇರುವ ಮಾದರಿ ಸಾಕು. ಸಿಮ್ ಹಾಕಿದರೆ ಎರಡೇ ದಿನದಲ್ಲಿ ಟ್ಯಾಬ್ ಯಾರದೋ ಹಾಟ್‌ಸ್ಪಾಟ್ ಆಗುತ್ತದೆ.

ದಾನ ಬಂದದ್ದಾದರೆ, ದಾನಿಗಳು ಇನ್ನೂ ಎದುರಿಗೆ ಇರುವಾಗಲೇ ಮೂರು ವಿಷಯ ನೋಡಿ.

1. ಹಳೆಯ ಖಾತೆ. ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಿಂದ ಗೂಗಲ್ ಖಾತೆಯನ್ನು ತೆಗೆದು, ಆಮೇಲೆ ರೀಸೆಟ್ ಮಾಡಬೇಕು. ಖಾತೆ ತೆಗೆಯದೆ ಬಟನ್ ಒತ್ತಿ ಹಿಡಿದು ರಿಕವರಿಯಿಂದ ರೀಸೆಟ್ ಮಾಡಿದರೆ ಟ್ಯಾಬ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿ ಕೂತುಬಿಡುತ್ತದೆ. ಐಪ್ಯಾಡ್‌ನಲ್ಲಿ ಇದೇ ಕೆಲಸ ಮಾಡುವುದು ಆ್ಯಕ್ಟಿವೇಶನ್ ಲಾಕ್. ದಾನಿಗಳು ಐಕ್ಲೌಡ್‌ನಿಂದ ಹೊರಬಂದು, ಫೈಂಡ್ ಮೈ ಆಫ್ ಮಾಡಿ ಕೊಡಬೇಕು. ಅವರು ಮನೆಗೆ ಹೋದ ಮೇಲೆ ಪಾಸ್‌ವರ್ಡ್ ಕೇಳಿ ಫೋನ್ ಮಾಡುವುದು ಇಬ್ಬರಿಗೂ ಮುಜುಗರ.
2. ಬ್ಯಾಟರಿ. ಟ್ಯಾಬನ್ನು ಮೇಜಿನ ಮೇಲೆ ಬೋರಲು ಇಟ್ಟು ನೋಡಿ. ಅಲ್ಲಾಡಿದರೆ, ಅಥವಾ ತೆರೆಯ ಅಂಚು ಸ್ವಲ್ಪ ಎದ್ದಿದ್ದರೆ, ಬ್ಯಾಟರಿ ಉಬ್ಬಿದೆ. ಅದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ. ಇ-ತ್ಯಾಜ್ಯಕ್ಕೆ ಕಳಿಸಿ.
3. ಆವೃತ್ತಿ. ಮುಂದಿನ ಹಂತಗಳಿಗೆ ಆ್ಯಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದು ಇರಲಿ.

ಈ ಮೂರರಲ್ಲಿ ಯಾವುದಾದರೂ ಆಗದಿದ್ದರೆ ನಯವಾಗಿ ಬೇಡ ಅನ್ನಿ. ಬಾರದ ಟ್ಯಾಬಿಗಿಂತ ಕೆಟ್ಟ ಟ್ಯಾಬ್ ಜಾಸ್ತಿ ಕೆಲಸ ಕೊಡುತ್ತದೆ.

ಹಂತ 3: ವೈಫೈ

ಇಲ್ಲಿ ಸೋಲುವವರೇ ಜಾಸ್ತಿ. ಆದರೂ "ಟ್ಯಾಬ್ ಸರಿಯಿಲ್ಲ" ಅಂತಲೇ ಎಲ್ಲರೂ ಹೇಳುವುದು.

ರೋಗಿಗಳ ಟ್ಯಾಬ್‌ಗೆ ಪ್ರತ್ಯೇಕ ವೈಫೈ ಹೆಸರು, ಪ್ರತ್ಯೇಕ ವಿ-ಲ್ಯಾನ್, ಅಂದರೆ ಆಸ್ಪತ್ರೆಯ ಉಳಿದ ಜಾಲದಿಂದ ಬೇರ್ಪಡಿಸಿದ ಭಾಗ, ಮಾಡಿಸಿ. ಆಸ್ಪತ್ರೆಯ ಬಿಲ್ಲಿಂಗ್, ಲ್ಯಾಬ್, ಎಕ್ಸ್‌ರೇ ಚಿತ್ರಗಳು ಓಡಾಡುವ ಜಾಲವನ್ನು ಈ ಟ್ಯಾಬ್ ಕಣ್ಣಿಂದಲೂ ನೋಡಬಾರದು. ನೆಟ್‌ವರ್ಕ್‌ನವರು "ಒಂದೇ ಇರಲಿ ಬಿಡಿ ಸಾರ್, ಸುಲಭ" ಅಂದರೆ ಒಪ್ಪಬೇಡಿ.

ಎರಡು ಹಳ್ಳಗಳಿವೆ, ಮೊದಲೇ ಹೇಳಿಬಿಡುತ್ತೇನೆ. ಒಂದು, ಮೊಬೈಲ್ ನಂಬರ್ ಹಾಕಿ ಒಟಿಪಿ ಪಡೆಯುವ ಅತಿಥಿ ವೈಫೈ. ಸಿಮ್ ಇಲ್ಲದ ಟ್ಯಾಬ್‌ಗೆ ಒಟಿಪಿ ಎಲ್ಲಿ ಬರಬೇಕು? ಇವುಗಳಿಗೆ ಪಾಸ್‌ವರ್ಡ್ ಹಾಕಿದ ಸಾಮಾನ್ಯ ವೈಫೈ ಕೊಡಿಸಿ. ಎರಡು, ಮ್ಯಾಕ್ ವಿಳಾಸದ ಪಟ್ಟಿ. ಮ್ಯಾಕ್ ವಿಳಾಸ ಅಂದರೆ ವೈಫೈ ಒಂದು ಸಾಧನವನ್ನು ಗುರುತಿಸುವ ಸಂಖ್ಯೆ. ಪಟ್ಟಿಯಲ್ಲಿ ಇರುವ ಸಾಧನ ಮಾತ್ರ ಒಳಗೆ ಅಂತ ಕೆಲವು ಕಡೆ ನಿಯಮ ಇರುತ್ತದೆ. ಆ್ಯಂಡ್ರಾಯ್ಡ್ 10 ಮತ್ತು ಐಪ್ಯಾಡ್‌ಓಎಸ್ 14ರಿಂದ ಸಾಧನಗಳು ಪ್ರತಿ ವೈಫೈಗೂ ಬೇರೆ ಮ್ಯಾಕ್ ವಿಳಾಸ ತೋರಿಸುತ್ತವೆ. ಟ್ಯಾಬಿನ ಪೆಟ್ಟಿಗೆಯ ಮೇಲೆ ಬರೆದ ವಿಳಾಸವನ್ನು ಪಟ್ಟಿಗೆ ಸೇರಿಸಿದರೂ ಟ್ಯಾಬ್ ಸೇರುವುದಿಲ್ಲ. ಆ ಒಂದು ವೈಫೈಗೆ ಮಾತ್ರ "ಸಾಧನದ ಮ್ಯಾಕ್ ಬಳಸು" ಅಂತ ಬದಲಿಸಿ.

ವೇಗದ ಲೆಕ್ಕ ಸುಲಭ. ಯೂಟ್ಯೂಬ್‌ನಲ್ಲಿ 480ಪಿ ವಿಡಿಯೊಗೆ ಸುಮಾರು 1.1 ಎಂಬಿಪಿಎಸ್, 720ಪಿಗೆ 2.5 ಬೇಕು. ಆರು ಟ್ಯಾಬ್ ಒಟ್ಟಿಗೆ 480ಪಿಯಲ್ಲಿ ಓಡಿದರೆ 7 ಎಂಬಿಪಿಎಸ್ ಸಾಕು. ಸಮಸ್ಯೆ ಸಾಮಾನ್ಯವಾಗಿ ವೇಗದ್ದಲ್ಲ, ಗೋಡೆಯದ್ದು. ಎಕ್ಸ್‌ರೇ ಕೋಣೆಯ ಸೀಸದ ಗೋಡೆ, ಆರ್‌ಒ ನೀರಿನ ಟ್ಯಾಂಕು ಪಕ್ಕದಲ್ಲಿದ್ದರೆ ಸಿಗ್ನಲ್ ಅಲ್ಲೇ ಸಾಯುತ್ತದೆ. ಆದ್ದರಿಂದ ಬಾಗಿಲ ಬಳಿ ನಿಂತು ಪರೀಕ್ಷೆ ಮಾಡಬೇಡಿ. ಹತ್ತೂ ಹಾಸಿಗೆಯ ಮೇಲೆ ಕೂತು, ಪ್ರತಿಯೊಂದರಿಂದ ಎರಡು ನಿಮಿಷ ವಿಡಿಯೊ ಕರೆ ಮಾಡಿ ನೋಡಿ.

ಹಂತ 4: ಎಂಡಿಎಂಗೆ ನೋಂದಣಿ

ಖಾಲಿ ಟ್ಯಾಬ್ ಆನ್ ಮಾಡಿದಾಗ "ಸ್ವಾಗತ" ಅಂತ ತೆರೆ ಬರುತ್ತದಲ್ಲ, ಅಲ್ಲೇ ನಿಲ್ಲಿ. ಗೂಗಲ್ ಖಾತೆ ಹಾಕಬೇಡಿ. ಒಮ್ಮೆ ಹಾಕಿಬಿಟ್ಟರೆ ಪೂರ್ತಿ ನಿಯಂತ್ರಣ ಸಿಗುವುದಿಲ್ಲ, ಮತ್ತೆ ರೀಸೆಟ್ ಮಾಡಿ ಮೊದಲಿಂದ ಶುರು ಮಾಡಬೇಕು.

1. ನಿಮ್ಮ ಎಂಡಿಎಂನಲ್ಲಿ ಒಂದೇ ಉದ್ದೇಶಕ್ಕೆ ಮೀಸಲಾದ ಸಾಧನ ಅನ್ನುವ ಬಗೆಯನ್ನು ಆರಿಸಿ ಕ್ಯೂಆರ್ ಕೋಡ್ ತಯಾರಿಸಿ. ದುಡ್ಡು ಕೊಡುವುದಾದರೆ ಇಂಟ್ಯೂನ್, ಮ್ಯಾನೇಜ್‌ಎಂಜಿನ್ ತರಹದವು ಇವೆ. ಖರ್ಚು ಬೇಡ, ಸರ್ವರ್ ನೋಡಿಕೊಳ್ಳುವ ಜನ ಇದ್ದಾರೆ ಅಂದರೆ ಹೆಡ್‌ವಿಂಡ್ ಎಂಬ ಓಪನ್ ಸೋರ್ಸ್ ಎಂಡಿಎಂ ಇದೆ.
2. ಸ್ವಾಗತ ತೆರೆಯ ಖಾಲಿ ಜಾಗದಲ್ಲಿ ಬೇಗ ಬೇಗ ಆರು ಸಲ ತಟ್ಟಿ. ಕ್ಯಾಮೆರಾ ತೆರೆಯುತ್ತದೆ.
3. ಕೋಡ್ ತೋರಿಸಿ. ವೈಫೈ ವಿವರ ಕೋಡಿನಲ್ಲೇ ಇದ್ದರೆ ಉಳಿದದ್ದು ತಾನಾಗಿ ಆಗುತ್ತದೆ.
4. ಟ್ಯಾಬ್ ಹಿಂದೆ ಅಳಿಸದ ಶಾಯಿಯಲ್ಲಿ ಸಂಖ್ಯೆ ಬರೆಯಿರಿ: ಡಿ-1, ಡಿ-2. ಎಂಡಿಎಂನಲ್ಲೂ ಅದೇ ಹೆಸರು ಕೊಡಿ.

ಆಮೇಲೆ ಬೀಗಗಳು. ಇವನ್ನೆಲ್ಲ ಎಂಡಿಎಂನಿಂದ ನಿಷೇಧಿಸಿ: ಸೆಟ್ಟಿಂಗ್ಸ್‌ಗೆ ಹೋಗುವುದು, ಹೊಸ ಆಪ್ ಹಾಕುವುದು, ಹೊಸ ಖಾತೆ ಸೇರಿಸುವುದು, ಸ್ಕ್ರೀನ್‌ಶಾಟ್, ಬ್ಲೂಟೂತ್, ಯುಎಸ್‌ಬಿ ಮೂಲಕ ಫೈಲ್ ವರ್ಗಾವಣೆ, ರೀಸೆಟ್, ನೋಟಿಫಿಕೇಶನ್. ಜನ ಮರೆಯುವುದು ಸೇಫ್ ಮೋಡ್, ಅಂದರೆ ಆಮೇಲೆ ಹಾಕಿದ ಆಪ್‌ಗಳಿಲ್ಲದೆ ಟ್ಯಾಬ್ ತೆರೆದುಕೊಳ್ಳುವ ರೀತಿ. ಅದನ್ನೂ ನಿಷೇಧಿಸಿ. ಪವರ್ ಬಟನ್ ಹಿಡಿದು ಸೇಫ್ ಮೋಡ್‌ಗೆ ಹೋದರೆ ನೀವು ಹಾಕಿದ ಮುಖಪುಟವೇ ಪಕ್ಕಕ್ಕೆ ಸರಿಯಬಹುದು. ಕಾಲೇಜು ಹುಡುಗರು ಅಪ್ಪನ ಹಾಸಿಗೆ ಪಕ್ಕ ನಾಲ್ಕು ಗಂಟೆ ಸುಮ್ನೆ ಕೂತಿರುತ್ತಾರೆ, ಅವರಿಗೆ ಇದು ಗೊತ್ತಿರುತ್ತದೆ.

ಸಿಸ್ಟಮ್ ಅಪ್‌ಡೇಟ್‌ಗೆ ರಾತ್ರಿ 2ರಿಂದ 4ರ ಸಮಯ ಗೊತ್ತುಮಾಡಿ. ಇಲ್ಲದಿದ್ದರೆ ಯಾರೋ ಮೊಮ್ಮಗಳ ಜೊತೆ ಮಾತಾಡುವಾಗ ಟ್ಯಾಬ್ ರೀಸ್ಟಾರ್ಟ್ ಆಗುತ್ತದೆ.

ಐಪ್ಯಾಡ್ ಇರುವವರಿಗೆ ದಾರಿ ಸ್ವಲ್ಪ ಬೇರೆ. ಆ್ಯಪಲ್ ಬಿಸಿನೆಸ್ ಮ್ಯಾನೇಜರ್‌ಗೆ ಸೇರಿಸಿ, ಶೇರ್ಡ್ ಐಪ್ಯಾಡ್‌ನ ತಾತ್ಕಾಲಿಕ ಸೆಷನ್ ಹಾಕಿ. ಖಾತೆಯೇ ಬೇಡ, ಸೈನ್‌ಔಟ್ ಒತ್ತಿದರೆ ಬ್ರೌಸರ್ ಇತಿಹಾಸದ ಸಮೇತ ಎಲ್ಲ ಅಳಿಯುತ್ತದೆ. ಹಂಚಿ ಬಳಸುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ನಾನು ಕಂಡಿಲ್ಲ. ಹೊರಗೆ ಕೊಂಡ ಐಪ್ಯಾಡನ್ನು ಕಾನ್ಫಿಗರೇಟರ್ ಆಪ್ ಮೂಲಕ ಸೇರಿಸಬಹುದು, ಆದರೆ ಮೊದಲ 30 ದಿನ ಬಳಸುವವರೇ ಅದನ್ನು ಬಿಡಿಸಿಕೊಳ್ಳಲು ಸಾಧ್ಯ. ಆ ಒಂದು ತಿಂಗಳು ವಾರ್ಡಿಗೆ ಕೊಡಬೇಡಿ.

ಇರುವುದೇ ಒಂದೆರಡು ಟ್ಯಾಬ್, ಎಂಡಿಎಂ ಎಲ್ಲ ಆಗದು ಅನ್ನುವ ಸಣ್ಣ ನರ್ಸಿಂಗ್ ಹೋಂಗಳು ಆ್ಯಂಡ್ರಾಯ್ಡ್‌ನ ಅತಿಥಿ ಬಳಕೆದಾರ ಸೌಲಭ್ಯ ಬಳಸಬಹುದು. ಮುಖ್ಯ ಬಳಕೆದಾರರಿಗೆ ಪಿನ್ ಹಾಕಿರಬೇಕು. ಪ್ರತಿ ರೋಗಿಯ ನಂತರ ಅತಿಥಿಯನ್ನು ಅಳಿಸಬೇಕು. ಇದು ಪೂರ್ತಿ ಮನುಷ್ಯರ ನೆನಪಿನ ಮೇಲೆ ನಿಂತ ಏರ್ಪಾಡು, ಎರಡಕ್ಕಿಂತ ಜಾಸ್ತಿ ಟ್ಯಾಬ್ ಇದ್ದರೆ ಬೇಡ.

ಹಂತ 5: ರೋಗಿಯ ಕಣ್ಣಿಗೆ ಕಾಣುವ ಮುಖಪುಟ

ಪ್ರತ್ಯೇಕ ಆಪ್‌ಗಳನ್ನು ಹಾಕುವ ಬದಲು ಎಲ್ಲವನ್ನೂ ಒಂದೇ ಕಿಯೋಸ್ಕ್ ಬ್ರೌಸರ್ (ಪಿನ್ ಇಲ್ಲದೆ ಹೊರಬರಲಾಗದ ಬ್ರೌಸರ್) ಒಳಗೆ ತರುವುದು ನನಗೆ ಇಷ್ಟವಾದ ದಾರಿ. ಫುಲ್ಲಿ ಕಿಯೋಸ್ಕ್ ಬ್ರೌಸರ್‌ನಂಥದ್ದು ತೆಗೆದುಕೊಳ್ಳಿ. ಕೆಲವೇ ದೊಡ್ಡ ಚಿತ್ರಗಳಿರುವ ಒಂದು ಸರಳ ಪುಟ ಮಾಡಿ ಅದನ್ನೇ ಶುರುವಿನ ಪುಟ ಮಾಡಿ. ಎಲ್ಲ ಒಂದೇ ಬ್ರೌಸರ್‌ನಲ್ಲಿ ನಡೆದರೆ, ಅಳಿಸಬೇಕಾದ ಜಾಗವೂ ಒಂದೇ. ಐದು ಆಪ್ ಇದ್ದರೆ ಐದು ಕಡೆ ಮರೆಸಬೇಕು.

ಪುಟದ ಕೆಳಗೆ "ಮುಗಿಯಿತು" ಅನ್ನುವ ಬಟನ್ ಇರಲಿ. ಅದನ್ನು ಒತ್ತಿದರೆ ಕುಕೀ, ಕ್ಯಾಶ್, ಇತಿಹಾಸ ಎಲ್ಲ ಅಳಿದು ಮೊದಲ ಪುಟ ಮತ್ತೆ ತೆರೆಯಬೇಕು. ಕೆಲವರು ಬಟನ್ ಬದಲು "ಐದು ನಿಮಿಷ ಯಾರೂ ಮುಟ್ಟದಿದ್ದರೆ ಅಳಿಸು" ಅಂತ ಇಡುತ್ತಾರೆ. ಸಿನಿಮಾ ನೋಡುವವರು ತೆರೆ ಮುಟ್ಟುವುದಿಲ್ಲ, ಕ್ಲೈಮ್ಯಾಕ್ಸ್ ಹೊತ್ತಿಗೆ ಎಲ್ಲ ಮಾಯವಾಗಬಹುದು. ಡಯಾಲಿಸಿಸ್‌ನಲ್ಲಿ ಈ ಸಮಯವನ್ನು ಮೂರು ಗಂಟೆಗೆ ಏರಿಸಿ, ಬಟನ್ನನ್ನೇ ಮುಖ್ಯವಾಗಿ ನಂಬಿ.

ಇನ್ನು ರೋಗಿಯ ಕೈ, ಕಣ್ಣು, ಕಿವಿಯ ಬಗ್ಗೆ ಯೋಚಿಸಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಜೋಡಿಸಿದ ರಕ್ತನಾಳ) ಇರುವ ಕೈಯನ್ನು ಅವರು ಅಲ್ಲಾಡಿಸುವಂತಿಲ್ಲ. ಟ್ಯಾಬ್ ಹಿಡಿದುಕೊಳ್ಳಲು ಉಳಿದದ್ದು ಒಂದೇ ಕೈ, ಅದೂ ಸ್ವಲ್ಪ ಹೊತ್ತಿಗೆ ಸೋಲುತ್ತದೆ. ಆದ್ದರಿಂದ ಸ್ಟ್ಯಾಂಡ್ ಇಲ್ಲದೆ ಟ್ಯಾಬ್ ಕೊಡಲೇಬೇಡಿ. ಸ್ಟ್ಯಾಂಡನ್ನು ಸೂಜಿ ಇಲ್ಲದ ಕೈಯ ಬದಿಗೆ ಬಿಗಿಯಿರಿ, ರಕ್ತದ ಟ್ಯೂಬ್‌ಗೆ ತಾಗದ ಹಾಗೆ. ಮಲಗಿ ನೋಡುವವರಿಗೆ ತೆರೆ ತಾನಾಗಿ ತಿರುಗುತ್ತಲೇ ಇರುತ್ತದೆ, ಆ ಸೌಲಭ್ಯವನ್ನು ಆಫ್ ಮಾಡಿ. ಅಕ್ಷರ ದೊಡ್ಡದು ಮಾಡಿ. ಕೈ ನಡುಗುವವರಿಗೆ ಒತ್ತಿ ಹಿಡಿಯುವ ಅವಧಿಯನ್ನು ಉದ್ದ ಮಾಡಿ. ಒಣಗಿದ, ತಣ್ಣಗಿನ ಬೆರಳನ್ನು ತೆರೆ ಗುರುತಿಸದೆ ಇರಬಹುದು, ಹಾಗಾಗಿ ಒರೆಸಬಹುದಾದ ಎರಡು ಸ್ಟೈಲಸ್ ಇಟ್ಟುಕೊಳ್ಳಿ.

ಭಾಷೆ ಕನ್ನಡ ಅಂತಲೇ ಮುಗಿಸಬೇಡಿ. ಬೆಳಗಾವಿಯ ವಾರ್ಡಿನಲ್ಲಿ ಮರಾಠಿ, ಕೋಲಾರ, ಬಳ್ಳಾರಿಯಲ್ಲಿ ತೆಲುಗು, ಕಲಬುರಗಿಯಲ್ಲಿ ಉರ್ದು, ಮಂಗಳೂರಿನಲ್ಲಿ ತುಳು, ಕೊಂಕಣಿ ಮಾತಾಡುವವರು ಇರುತ್ತಾರೆ. ಓದು ಬಾರದವರೂ ಇರುತ್ತಾರೆ. ಟಿವಿ, ರೇಡಿಯೊ, ಫೋನ್, ದೇವರ ದೀಪ: ಈ ಚಿತ್ರಗಳು ಎಲ್ಲರಿಗೂ ಅರ್ಥವಾಗುತ್ತವೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳು ಸಿಗುತ್ತವೆ. ವಯಸ್ಸಾದವರು ವಿಡಿಯೊಗಿಂತ ಇದನ್ನೇ ಜಾಸ್ತಿ ಕೇಳುವುದನ್ನು ನೋಡಿದ್ದೇನೆ.

ಕೀಬೋರ್ಡ್ ಬಗ್ಗೆ ಒಂದು ಎಚ್ಚರಿಕೆ. ಬ್ರೌಸರ್ ಅಳಿಸಿದರೂ ಕೀಬೋರ್ಡ್ ಕಲಿತ ಪದ ಉಳಿಯುತ್ತದೆ. ಒಬ್ಬರು ಹುಡುಕಿದ ಕಾಯಿಲೆಯ ಹೆಸರು ಮುಂದಿನವರಿಗೆ ಸಲಹೆಯಾಗಿ ಮೇಲೆ ಬರುತ್ತದೆ. ಪದ ಸಲಹೆ ಮತ್ತು ಕಲಿಕೆ ಎರಡನ್ನೂ ಆಫ್ ಮಾಡಿ.

ಇಯರ್‌ಫೋನ್ ತಂತಿಯದ್ದೇ ಇರಲಿ. ಬ್ಲೂಟೂತ್ ಆದರೆ ಮೂರನೇ ಹಾಸಿಗೆಯ ಭಜನೆ ಏಳನೇ ಹಾಸಿಗೆಯವರ ಕಿವಿಗೆ ಹೋಗುತ್ತದೆ. ಒಬ್ಬರಿಗೆ ಕೊಟ್ಟ ಇಯರ್‌ಫೋನ್ ಅವರದ್ದೇ, ವಾಪಸ್ ಪಡೆಯಬೇಡಿ.

ಹಂತ 6: ವಿಡಿಯೊ ಕರೆ

"ವಾಟ್ಸ್‌ಆ್ಯಪ್ ಹಾಕಿಬಿಡಿ" ಅಂತ ಎಲ್ಲರೂ ಹೇಳುತ್ತಾರೆ. ಬೇಡ. ಅದು ಒಂದು ಫೋನ್ ನಂಬರಿಗೆ ಅಂಟಿದ ಆಪ್. ಹಂಚಿಕೆಯ ಟ್ಯಾಬ್‌ನಲ್ಲಿ ಒಬ್ಬರ ಚಾಟ್ ಮುಂದಿನವರಿಗೆ ಸಿಗುತ್ತದೆ.

ಲಿಂಕ್ ಒತ್ತಿದರೆ ಬ್ರೌಸರ್‌ನಲ್ಲೇ ತೆರೆಯುವ ಕರೆ ಬೇಕು. ಆಸ್ಪತ್ರೆಯದೇ ಸರ್ವರ್‌ನಲ್ಲಿ ಜಿಟ್ಸಿ ಎಂಬ ಓಪನ್ ಸೋರ್ಸ್ ವಿಡಿಯೊ ಕರೆ ಸಾಫ್ಟ್‌ವೇರ್ ಹಾಕಿಕೊಂಡರೆ ರೋಗಿಗೂ ಮನೆಯವರಿಗೂ ಖಾತೆ ಬೇಡ. ಜಿಟ್ಸಿಯ ಉಚಿತ ಸಾರ್ವಜನಿಕ ತಾಣವನ್ನೇ ನಂಬಬೇಡಿ, ಅಲ್ಲಿ 2023ರ ಆಗಸ್ಟ್‌ನಿಂದ ಕರೆ ಶುರು ಮಾಡುವವರು ಲಾಗಿನ್ ಆಗಬೇಕು. ಪ್ರತಿ ಕರೆಗೂ ಹೊಸ ಕೋಣೆಯ ಹೆಸರು ಬರಲಿ. "ಬೆಡ್-3" ಅಂತ ಖಾಯಂ ಹೆಸರಿಟ್ಟರೆ ಹೋದ ವಾರದ ರೋಗಿಯ ತಮ್ಮ ಈ ವಾರದ ರೋಗಿಯ ಎದುರು ಬಂದು ನಿಲ್ಲುತ್ತಾನೆ.

ಕ್ಯಾಮೆರಾ ವಿಷಯದಲ್ಲಿ ಪಕ್ಕದವರನ್ನು ನೆನಪಿಡಿ. ಕರೆ ಮಾಡುವವರ ಹಿಂದೆ ಇನ್ನೊಬ್ಬರು ಮಲಗಿರುತ್ತಾರೆ. ಸ್ಟ್ಯಾಂಡನ್ನು ಗೋಡೆ ಹಿನ್ನೆಲೆ ಬರುವ ಹಾಗೆ ತಿರುಗಿಸಿ, ಇಲ್ಲವೇ ಪರದೆ ಎಳೆಯಿರಿ. ಡ್ರೆಸ್ಸಿಂಗ್, ಸೂಜಿ ಚುಚ್ಚುವ ಹೊತ್ತಲ್ಲಿ ಕರೆ ಬೇಡ. ಫೋಟೊ ತೆಗೆಯುವ ಕ್ಯಾಮೆರಾ ಆಪ್ ಅನ್ನು ಪೂರ್ತಿ ಮರೆಮಾಡಿ.

ಹಂತ 7: ಮರೆವಿನ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಇಬ್ಬರು ಬೇಕು. ಮೊದಲನೆಯವರು ರೋಗಿಯ ಹಾಗೆ ಅರ್ಧ ಗಂಟೆ ಬಳಸಲಿ. ಪರೀಕ್ಷೆಗೆಂದೇ ಮಾಡಿದ ಖಾತೆಗೆ ಲಾಗಿನ್ ಆಗಲಿ. ಒಂದು ವಿಚಿತ್ರ ಪದ ಹುಡುಕಲಿ, ಅದನ್ನೇ ಐದು ಸಲ ಟೈಪ್ ಮಾಡಲಿ. ಒಂದು ಪಿಡಿಎಫ್ ಇಳಿಸಲಿ. ಸ್ಕ್ರೀನ್‌ಶಾಟ್ ತೆಗೆಯಲು ನೋಡಲಿ. ವಿಡಿಯೊ ಕರೆ ಮಾಡಲಿ. ಏನೂ ಮುಚ್ಚದೆ ಟ್ಯಾಬ್ ಇಟ್ಟು ಎದ್ದು ಹೋಗಲಿ, ರೋಗಿಗಳು ಹೋಗುವುದೇ ಹಾಗೆ.

ಜವಾಬ್ದಾರಿ ಇರುವವರು "ಮುಗಿಯಿತು" ಒತ್ತಲಿ. ಈಗ ಎರಡನೆಯವರು ಮೊದಲನೆಯವರ ಬಗ್ಗೆ ಏನಾದರೂ ಕಂಡುಹಿಡಿಯಲು ಹತ್ತು ನಿಮಿಷ ಹುಡುಕಲಿ. ಯೂಟ್ಯೂಬ್ ಇತಿಹಾಸ, ಡೌನ್‌ಲೋಡ್ ಪಟ್ಟಿ, ಕೀಬೋರ್ಡ್ ಸಲಹೆ, ಹಿಂದಿನ ಬಟನ್, ಎಲ್ಲವನ್ನೂ ನೋಡಲಿ. ಒಂದೇ ಒಂದು ಸುಳಿವು ಸಿಕ್ಕರೂ ಹಂತ 4ಕ್ಕೆ ವಾಪಸ್. ದೊಡ್ಡ ಅಪ್‌ಡೇಟ್ ಆದಾಗೆಲ್ಲ ಇದೇ ಪರೀಕ್ಷೆ ಮತ್ತೆ ಮಾಡಿ, ಯಾಕೆಂದರೆ ಅಪ್‌ಡೇಟ್ ಕೆಲವು ಬೀಗಗಳನ್ನು ಸಡಿಲ ಮಾಡಬಹುದು.

ಪಾಸಾದ ಮೇಲೆ ಎರಡೇ ಟ್ಯಾಬ್‌ನಿಂದ ಎರಡು ವಾರ ನಡೆಸಿ. ಆರನ್ನೂ ಒಂದೇ ದಿನ ಇಳಿಸಬೇಡಿ.

ಹಂತ 8: ಕೊಡುವುದು, ವಾಪಸ್ ಪಡೆಯುವುದು

ಕೊಡುವಾಗ ಮೂರು ಮಾತು ಸಾಕು. "ಅಮ್ಮಾ, ಇದು ಆಸ್ಪತ್ರೆದು. ಬ್ಯಾಂಕು, ಒಟಿಪಿ ಇದರಲ್ಲಿ ಬೇಡ. ಆದ ಮೇಲೆ ನಾನೇ ಬಂದು ತಗೋತೀನಿ." ಟ್ಯಾಬನ್ನು ಹಾಸಿಗೆಯಲ್ಲಿ ಬಿಟ್ಟು ಹೋಗಿ ಅನ್ನಬೇಡಿ. ಬಿಟ್ಟದ್ದು ಬೆಡ್‌ಶೀಟ್ ಜೊತೆ ಲಾಂಡ್ರಿಗೆ ಹೋಗುತ್ತದೆ.

ರಿಜಿಸ್ಟರ್‌ನಲ್ಲಿ ಆರು ಅಂಕಣ: ಟ್ಯಾಬ್ ಸಂಖ್ಯೆ, ಹಾಸಿಗೆ ಸಂಖ್ಯೆ, ಕೊಟ್ಟ ಸಮಯ, ಬಂದ ಸಮಯ, ಅಳಿಸಿದ್ದು, ಒರೆಸಿದ್ದು. ಕೊನೆಯ ಎರಡಕ್ಕೆ ಸಹಿ. ರೋಗಿಯ ಹೆಸರು, ಕಾಯಿಲೆ, ಫೋನ್ ನಂಬರ್ ಬರೆಯಬೇಡಿ. ಬೇಡದ ಮಾಹಿತಿ ಸೇರಿಸದಿರುವುದೇ ಒಳ್ಳೆಯದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ಆಧಾರ್ ಕಾರ್ಡ್ ಅಡ ಇಟ್ಟುಕೊಳ್ಳುವ ಪದ್ಧತಿ ಇದ್ದರೆ ದಯವಿಟ್ಟು ನಿಲ್ಲಿಸಿ.

ಕೆಲವು ಜಾಗಕ್ಕೆ ಟ್ಯಾಬ್ ಹೋಗಲೇಬಾರದು. ಎಂಆರ್‌ಐ ಕೋಣೆ ಅದರಲ್ಲಿ ಮೊದಲನೆಯದು. ಪೇಸ್‌ಮೇಕರ್ ಇರುವವರು ಟ್ಯಾಬನ್ನಾಗಲಿ ಅದರ ಅಯಸ್ಕಾಂತದ ಕವರನ್ನಾಗಲಿ ಎದೆಯ ಮೇಲೆ ಇಟ್ಟುಕೊಳ್ಳಬಾರದು, ಕನಿಷ್ಠ ಒಂದು ಗೇಣು ದೂರ ಇರಬೇಕು. ಡಯಾಲಿಸಿಸ್‌ನಲ್ಲಿ ಹೆಪಟೈಟಿಸ್ ಬಿ ಇರುವವರಿಗೆ ಮೆಷಿನ್ ಪ್ರತ್ಯೇಕ ಇರುತ್ತದಲ್ಲ, ಟ್ಯಾಬೂ ಅಲ್ಲಿಯದೇ ಇರಲಿ. ಅಲ್ಲಿಂದ ಹೊರಗೆ ಬರುವುದು ಬೇಡ. ಹಾಗಂತ ಅದರ ಮೇಲೆ ಕಾಯಿಲೆಯ ಹೆಸರು ಬರೆಯಬೇಡಿ, ಡಿ-6 ಅಂದರೆ ಸಾಕು.

ಹಂತ 9: ಒರೆಸುವುದು

ವಾಪಸ್ ಬಂದದ್ದು ಕೆಂಪು ಟ್ರೇಗೆ. ಒರೆಸಿ ಅಳಿಸಿದ್ದು ಹಸಿರು ಟ್ರೇಗೆ. ಮಧ್ಯೆ ಬೇರೆ ಎಲ್ಲೂ ಇಡುವಂತಿಲ್ಲ.

1. ಕೈಗವಸು ಹಾಕಿ, ಚಾರ್ಜರ್ ತೆಗೆದು, ಟ್ಯಾಬ್ ಆಫ್ ಮಾಡಿ.
2. ಕಣ್ಣಿಗೆ ಕಾಣುವ ಕೊಳೆ, ಎಣ್ಣೆ ಇದ್ದರೆ ಮೊದಲು ಅದನ್ನು ತೆಗೆಯಿರಿ. ಕೊಳೆಯ ಮೇಲೆ ಆಲ್ಕೊಹಾಲ್ ಕೆಲಸ ಮಾಡುವುದಿಲ್ಲ.
3. 70% ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಯಿಂದ ತೆರೆ, ಅಂಚು, ಹಿಂಬದಿ, ಸ್ಟ್ಯಾಂಡ್, ಸ್ಟೈಲಸ್ ಒರೆಸಿ. ಎಷ್ಟು ಹೊತ್ತು ಒದ್ದೆ ಇರಬೇಕು ಅಂತ ಪ್ಯಾಕೆಟ್ ಮೇಲೆ ಇರುತ್ತದೆ, ಅಷ್ಟು ಹೊತ್ತು ಬಿಡಿ. ಬಟ್ಟೆಯಿಂದ ಒಣಗಿಸಬೇಡಿ, ತಾನಾಗಿ ಒಣಗಲಿ.
4. ವಾರಕ್ಕೊಮ್ಮೆ ಕವರ್ ಬಿಚ್ಚಿ ಒಳಗೂ ಒರೆಸಿ.

ದೊಡ್ಡ ತಪ್ಪು ಹೈಪೋ, ಅಂದರೆ ಬ್ಲೀಚಿನ ದ್ರಾವಣ. ನೆಲ ಒರೆಸಲು ಬಕೆಟ್‌ನಲ್ಲಿ ಇರುತ್ತದೆ, ಅದೇ ಬಟ್ಟೆ ಟ್ಯಾಬ್ ಮೇಲೂ ಹೋಗುತ್ತದೆ. ತೆರೆಯ ಲೇಪ ಹಾಳಾಗುತ್ತದೆ, ಚಾರ್ಜಿಂಗ್ ತೂತು ತುಕ್ಕು ಹಿಡಿಯುತ್ತದೆ. ಯಾವ ದ್ರವವನ್ನೂ ಟ್ಯಾಬ್ ಮೇಲೆ ನೇರವಾಗಿ ಸ್ಪ್ರೇ ಮಾಡಬೇಡಿ. ಆದರೆ ಆಲ್ಕೊಹಾಲ್ ಎಲ್ಲವನ್ನೂ ಕೊಲ್ಲುವುದಿಲ್ಲ ಅನ್ನುವುದೂ ಗೊತ್ತಿರಲಿ. ಸಿ ಡಿಫಿಸಿಲ್ ಭೇದಿಯ ಬೀಜಾಣುಗಳು ಅದಕ್ಕೆ ಬಗ್ಗುವುದಿಲ್ಲ. ಅಂಥ ರೋಗಿಗೆ ಕೊಡುವ ಮೊದಲು ಸೋಂಕು ನಿಯಂತ್ರಣ ಸಿಸ್ಟರ್ ಅನ್ನು ಕೇಳಿ, ಅವರ ಮಾತೇ ಕೊನೆ.

ಹಂತ 10: ಚಾರ್ಜಿಂಗ್

ಚಾರ್ಜ್ ಆಗುವುದು ನರ್ಸಿಂಗ್ ಸ್ಟೇಷನ್ ಬಳಿ ಗಾಳಿಯಾಡುವ ತೆರೆದ ರ‍್ಯಾಕ್‌ನಲ್ಲಿ ಮಾತ್ರ. ಹಾಸಿಗೆಯ ಪಕ್ಕದ ಸಾಕೆಟ್ ಮೆಷಿನ್‌ಗಳದ್ದು. ಟ್ಯಾಬ್‌ಗಾಗಿ ಇನ್ಫ್ಯೂಷನ್ ಪಂಪ್‌ನ ಪ್ಲಗ್ ಯಾರಾದರೂ ಕಿತ್ತರೆ ಏನಾಗುತ್ತದೆ ಯೋಚಿಸಿ. ಆಕ್ಸಿಜನ್ ಹಾಕಿಕೊಂಡವರ ಹಾಸಿಗೆಯಲ್ಲಿ, ದಿಂಬಿನ ಕೆಳಗೆ, ಮುಚ್ಚಿದ ಸ್ಟೀಲ್ ಬೀರುವಿನಲ್ಲಿ ಚಾರ್ಜಿಂಗ್ ಬೇಡವೇ ಬೇಡ.

ಬ್ಯಾಟರಿಯನ್ನು 80 ಅಥವಾ 85%ಗೆ ನಿಲ್ಲಿಸುವ ಸೌಲಭ್ಯ ಅನೇಕ ಟ್ಯಾಬ್‌ಗಳಲ್ಲಿ ಇದೆ, ಹಾಕಿಬಿಡಿ. ಸದಾ 100%ರಲ್ಲಿ, ಬಿಸಿಯಲ್ಲಿ ಇದ್ದ ಬ್ಯಾಟರಿ ಬೇಗ ಉಬ್ಬುತ್ತದೆ.

ಹಂತ 11: ಎಚ್ಚರಿಕೆಯ ಸೂಚನೆಗಳು

ಸೋಮವಾರ ಬೆಳಗ್ಗೆ 15 ನಿಮಿಷ ಕೂತು ಎಂಡಿಎಂ ಪಟ್ಟಿ, ರಿಜಿಸ್ಟರ್ ಎರಡನ್ನೂ ನೋಡಿ.

- ಒಂದು ಟ್ಯಾಬ್ ಎರಡು ದಿನದಿಂದ ಎಂಡಿಎಂಗೆ ಕಾಣಿಸಿಲ್ಲ. ಕಳೆದಿರಬಹುದು, ಚಾರ್ಜ್ ಇಲ್ಲದೆ ಬಿದ್ದಿರಬಹುದು. ಅವತ್ತೇ ಹುಡುಕಿ.
- ಯಾವ ಪುಟ ತೆರೆದರೂ "ಸಂಪರ್ಕ ಸುರಕ್ಷಿತವಲ್ಲ" ಅನ್ನುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾಗಿ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ಸರಿ ಮಾಡಿದರೆ ಮುಗಿಯಿತು.
- ತೆರೆಯ ಅಂಚು ಎದ್ದಿದೆ, ಅಥವಾ ಮುಟ್ಟಲಾಗದಷ್ಟು ಬಿಸಿ. ಕೂಡಲೇ ಬಳಕೆ ನಿಲ್ಲಿಸಿ.
- "ಅಳಿಸಿದ್ದು" ಅಂಕಣದಲ್ಲಿ ಇಡೀ ದಿನದ ಸಹಿ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಇದೆ. ಶಿಫ್ಟ್ ಮುಗಿಯುವಾಗ ಒಟ್ಟಿಗೆ ಹಾಕಿದ್ದಾರೆ ಅಂತ ಅರ್ಥ. ಬೈಯಬೇಡಿ. ಅವತ್ತು ಅವರಿಗೆ ಎಷ್ಟು ಕೆಲಸ ಇತ್ತು ಕೇಳಿ, ಬೇಕಿದ್ದರೆ ಟ್ಯಾಬ್‌ಗಳನ್ನು ಆರರಿಂದ ನಾಲ್ಕಕ್ಕೆ ಇಳಿಸಿ.
- ಕಿಯೋಸ್ಕ್ ಬ್ರೌಸರ್‌ನಿಂದ ಹೊರಬರುವ ಪಿನ್ ಅನ್ನು ಟ್ಯಾಬ್ ಹಿಂದೆ ಯಾರೋ ಬರೆದಿದ್ದಾರೆ. ಎಲ್ಲದರ ಪಿನ್ ಇವತ್ತೇ ಬದಲಿಸಿ.
- ಹಸಿರು ಟ್ರೇನಲ್ಲಿ ಸದಾ ಆರೂ ಇವೆ. ಯಾರಿಗೂ ಕೊಡುತ್ತಿಲ್ಲ. ವಾರ್ಡಿಗೆ ಹೋಗಿ ಯಾಕೆ ಅಂತ ಕೇಳಿ. ನಾನು ಒಮ್ಮೆ ಕೇಳಿದಾಗ ಸಿಕ್ಕ ಉತ್ತರ, ಸ್ಟ್ಯಾಂಡಿನ ಒಂದು ಸ್ಕ್ರೂ ಕಳೆದಿತ್ತು, ಅಷ್ಟೇ.

ಕಳೆದುಹೋದರೆ ಮೊದಲು ಎಂಡಿಎಂನಿಂದ ಲಾಕ್ ಮಾಡಿ, ವೈಫೈ ಪಾಸ್‌ವರ್ಡ್ ಬದಲಿಸಿ, ಪೊಲೀಸ್ ದೂರು ಕೊಡಿ. ಸಿಮ್ ಇರುವ ಮಾದರಿಯಾದರೆ ದೂರಿನ ಪ್ರತಿ ಇಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದ ಸಿಇಐಆರ್ ಪುಟದಲ್ಲಿ ಐಎಂಇಐ (ಸಾಧನದ 15 ಅಂಕಿಯ ಗುರುತಿನ ಸಂಖ್ಯೆ) ತಡೆಹಿಡಿಯಬಹುದು. ಅದಕ್ಕೆ ಐಎಂಇಐ ಸಂಖ್ಯೆ ಬೇಕು, ಟ್ಯಾಬ್ ಹೋದ ಮೇಲೆ ಅದು ಸಿಗುವುದಿಲ್ಲ. ಇವತ್ತೇ ಆರೂ ಪೆಟ್ಟಿಗೆಗಳ ಫೋಟೊ ತೆಗೆದು ರಿಜಿಸ್ಟರ್‌ನ ಮೊದಲ ಪುಟಕ್ಕೆ ಅಂಟಿಸಿಡಿ.